ಮನೆಯ ಮಾತು, ಮಂದಿಯ ಮಾತು

ಒಂದು ಶನಿವಾರ ಬೆಳಿಗ್ಗೆ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಪಟ್ಟಣದ ಒಂದು ಮನೆಗೆ ಮೂವರು ಕ್ರೈಸ್ತ ಸಂನ್ಯಾಸಿನಿಯರು ಬಂದು ಕುಳಿತರು. ಆ ಮನೆಯ ಮಕ್ಕಳು ಓದುತ್ತಿದ್ದ ಶಾಲೆಯ ಉಪಾಧ್ಯಾಯಿನಿಯರು ಅವರು. ಮಕ್ಕಳು ತರಗತಿಯಲ್ಲಿ ಬಾಯಿ ಬಿಡುವುದಿಲ್ಲ, ಬಹುಶಃ ಮನೆಯಲ್ಲಿ ಸ್ಪ್ಯಾನಿಷ್ ಭಾಷೆಯೊಂದನ್ನೇ ಆಡುತ್ತಿರಬಹುದು, ಇನ್ನು ಮುಂದೆ ತಂದೆತಾಯಿಗಳು ಮಕ್ಕಳೊಡನೆ ಇಂಗ್ಲಿಷಿನಲ್ಲಿ ಮಾತನಾಡಲು ಪ್ರಯತ್ನಿಸಬಾರದೆ ಎಂದು ಅವರು ಕೇಳಿದರು. ಕೇಳಿದ ರೀತಿಯಲ್ಲಿ ಒರಟುತನವೇನೂ ಇರಲಿಲ್ಲ. ಮೆಕ್ಸಿಕೋ ದೇಶದಿಂದ ಬಂದು ನೆಲಸಿದ್ದ ಆ ದಂಪತಿಗಳು ಒಡನೆಯೇ ಒಪ್ಪಿದರು. ಮಕ್ಕಳಿಗೆ ಒಳ್ಳೆಯದಾಗುವುದೆಂದರೆ ಯಾವ ತಂದೆತಾಯಿಗಳು ತಾನೆ ಒಲ್ಲೆನ್ನುತ್ತಾರೆ? ಮೊದಮೊದಲು ಅದು ಆಟದಂತೆಯೇ ಇದ್ದಿತು: ರಾತ್ರಿ ಊಟವಾದ ಮೇಲೆ ಎಲ್ಲರೂ ಕುಳಿತು ಇಂಗ್ಲಿಷನ್ನು ಅಭ್ಯಾಸ ಮಾಡುವುದು, ಬಾರದ ಉಚ್ಚಾರಣೆಗೆ ನಗುವುದು. ಮತ್ತೊಂದು ಶನಿವಾರ ಹುಡುಗನು ಅಡಿಗೆಯ ಮನೆಗೆ ಹೋದನು. ತಂದೆತಾಯಿಗಳು ತಮ್ಮತಮ್ಮೊಳಗೆ ಸ್ಪ್ಯಾನಿಷ್ ಮಾತನಾಡುತ್ತಿದ್ದರು. ಮಗನನ್ನು ಕಂಡ ಕೂಡಲೆ ಅವರ ದನಿ ಇಂಗ್ಲಿಷಿಗೆ ಹೊರಳಿತು. ಆ ಹೊರಳಿಕೆಯಲ್ಲಿ ಹುಡುಗನಿಗೆ ಕೇಳಿಸಿದುದು ಪರಕೀಯರ ದನಿ. ಅವನ ಗಂಟಲು ಬಿಗಿದು ಬಂದಿತು. ಅಲ್ಲಿಂದ ಓಡಿಹೋಗೋಣವೆಂದರೆ ಇನ್ನೆಲ್ಲಿಗೆ?

ಈ ಹುಡುಗನೇ ಮುಂದೆ 1982ರಲ್ಲಿ ‘ಹಂಗರ್ ಆಫ್ ಮೆಮರಿ’ ಎಂಬ ಆತ್ಮಕಥೆಯನ್ನು ಪ್ರಕಟಿಸಿದ ರಿಚರ್ಡ್ ರೊಡ್ರಿಗೆಸ್. ‘ನೆನಪಿನ ಹಸಿವು’ ಎಂದು ಅದರ ಹೆಸರನ್ನು ಕನ್ನಡಿಸಬಹುದು. ಸ್ಪ್ಯಾನಿಷ್ ಮನೆಯಲ್ಲಿ ಹುಟ್ಟಿ ಇಂಗ್ಲಿಷ್ ಶಾಲೆಯಲ್ಲಿ ಬೆಳೆದ ಮಕ್ಕಳ ಅನುಭವವನ್ನು ಕುರಿತು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಹುಟ್ಟಿರುವ ಬರವಣಿಗೆಯು ಸಣ್ಣ ರಾಶಿಯಲ್ಲ. ಆದರೆ ಅದರಲ್ಲಿ ಇಷ್ಟು ಹೊಗಳಿಕೆಯನ್ನೂ ಇಷ್ಟು ತೆಗಳಿಕೆಯನ್ನೂ ಒಟ್ಟಿಗೆ ಪಡೆದ ಗ್ರಂಥವು ಮತ್ತೊಂದು ಇರಲಾರದು. ಮನೆಯ ಭಾಷೆಯನ್ನು ಕಳೆದುಕೊಂಡ ದುಃಖವನ್ನು ಇದರಷ್ಟು ಚೆನ್ನಾಗಿ ಹೇಳಿದ ಗ್ರಂಥವಿಲ್ಲ. ಕಳೆದುಕೊಂಡುದು ಸರಿಯೆಂದು ಇದರಷ್ಟು ದೃಢವಾಗಿ ವಾದಿಸಿದ ಗ್ರಂಥವೂ ಇಲ್ಲ. ಈ ಎರಡೂ ಒಬ್ಬನೇ ಲೇಖಕನ ಒಂದೇ ಲೇಖನಿಯಿಂದ ಬಂದಿರುವುದೇ ವಿಚಾರ ಮಾಡಬೇಕಾದ ವಿಷಯ.

ಹಿನ್ನೆಲೆಯನ್ನು ನಾಲ್ಕು ಮಾತುಗಳಲ್ಲಿ ಹೇಳಿ ಮುಂದುವರಿಯಬಹುದು. ಆ ದೇಶದ ನೈಋತ್ಯ ಭಾಗದಲ್ಲಿ ಸ್ಪ್ಯಾನಿಷ್ ನಿನ್ನೆ ಮೊನ್ನೆ ಬಂದ ಭಾಷೆಯಲ್ಲ. ನ್ಯೂ ಮೆಕ್ಸಿಕೋದಲ್ಲಿ ಸ್ಪೇನಿನವರು 1598ರಲ್ಲಿಯೇ ನೆಲೆಯೂರಿದ್ದರು. 1848ರ ಗ್ವಾದಲೂಪೆ ಇದಾಲ್ಗೊ ಒಪ್ಪಂದದಿಂದ ಆ ಪ್ರಾಂತಗಳು ಅಮೆರಿಕದ ವಶವಾದಾಗ ಗಡಿಯು ಜನರನ್ನು ದಾಟಿಹೋಯಿತೇ ಹೊರತು ಆ ಜನರು ಗಡಿಯನ್ನು ದಾಟಿ ಬಂದವರಲ್ಲ. ಆ ಮೇಲೆ ಮೆಕ್ಸಿಕೋ, ಪೋರ್ಟೊ ರಿಕೊ, ಕ್ಯೂಬಾ ಮುಂತಾದ ಕಡೆಗಳಿಂದ ಬಂದವರೂ ಸೇರಿ ಈಗ ಮನೆಯಲ್ಲಿ ಸ್ಪ್ಯಾನಿಷ್ ಆಡುವವರ ಸಂಖ್ಯೆ ಅಲ್ಲಿ ನಾಲ್ಕು ಕೋಟಿಯನ್ನು ಮೀರಿದೆ. ಇಷ್ಟಿದ್ದರೂ ಬಹುಕಾಲ ಶಾಲೆಯ ಬಾಗಿಲಿನೊಳಕ್ಕೆ ಆ ಭಾಷೆಗೆ ಪ್ರವೇಶವಿರಲಿಲ್ಲ. ಎರಡು ಭಾಷೆಗಳನ್ನು ಒಟ್ಟಿಗೆ ಕಲಿತ ಮಗುವಿನ ಬುದ್ಧಿ ಕದಡಿಹೋಗುವುದೆಂಬ ನಂಬಿಕೆಯೂ ಪಂಡಿತರಲ್ಲಿ ಇದ್ದಿತು. 1962ರಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಎಂಬಿಬ್ಬರು ಕೆನಡಾದ ಮಾಂಟ್ರಿಯಲ್ ನಗರದ ಮಕ್ಕಳನ್ನು ಪರೀಕ್ಷಿಸಿ, ಫ್ರೆಂಚ್ ಇಂಗ್ಲಿಷ್ ಎರಡನ್ನೂ ಬಲ್ಲವರೇ ಮುಂದಿದ್ದಾರೆಂದು ತೋರಿಸಿದ ಮೇಲೆ ಆ ನಂಬಿಕೆ ಸಡಿಲಿತು. ಎಷ್ಟು ಮುಂದೆ ಎಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಏಕಾಭಿಪ್ರಾಯವಿಲ್ಲ; ಹಿಂದೆ ಬೀಳುತ್ತಾರೆಂಬ ಹಳೆಯ ಮಾತು ಮಾತ್ರ ನಿಲ್ಲಲಿಲ್ಲ. 1968ರಲ್ಲಿ ದ್ವಿಭಾಷಾ ಶಿಕ್ಷಣದ ಕಾನೂನು ಬಂದಿತು. ರೊಡ್ರಿಗೆಸ್ ಅದನ್ನು ವಿರೋಧಿಸಿದನು. ವಿರೋಧಿಗಳಿಗೆ ಅವನ ಗ್ರಂಥವು ಪ್ರಿಯವಾದುದು ಸಹಜವೇ: ‘ನೋಡಿರಿ, ಸ್ಪ್ಯಾನಿಷ್ ಮನೆಯ ಮಗನೇ ಹೇಳುತ್ತಿದ್ದಾನೆ.’ ಕ್ಯಾಲಿಫೋರ್ನಿಯಾದ ಮತದಾರರು 1998ರಲ್ಲಿ ದ್ವಿಭಾಷಾ ಪಾಠವನ್ನು ಬಹುಮಟ್ಟಿಗೆ ನಿಲ್ಲಿಸಿ, 2016ರಲ್ಲಿ ಆ ನಿರ್ಬಂಧವನ್ನು ಮತ್ತೆ ತೆಗೆದುಹಾಕಿದರು. ಒಂದು ಆತ್ಮಕಥೆಯ ಗುಣದೋಷಗಳ ವಿಮರ್ಶೆಯು ಕೇವಲ ರಸಿಕರ ವಿನೋದವಾಗಿ ಉಳಿಯದಿರುವುದಕ್ಕೆ ಇದೇ ಕಾರಣ. ಅದರ ಹಿಂದೆ ಮಕ್ಕಳ ಬಾಯಿ ಇದೆ.

ರೊಡ್ರಿಗೆಸ್‌ನ ವಾದವು ಸರಳವಾದುದು. ಮನುಷ್ಯನಿಗೆ ಎರಡು ಬಾಳುಗಳುಂಟು: ಮನೆಯದೊಂದು, ಮಂದಿಯದೊಂದು. ತನಗೆ ಸ್ಪ್ಯಾನಿಷ್ ಮನೆಯ ಭಾಷೆ, ಇಂಗ್ಲಿಷ್ ಮಂದಿಯ ಭಾಷೆ. ಶಾಲೆಯ ಕೆಲಸವು ಮಗುವನ್ನು ಮಂದಿಯೊಳಕ್ಕೆ ಸೇರಿಸುವುದು. ಆದುದರಿಂದ ಶಾಲೆಯು ಮನೆಯ ಭಾಷೆಯನ್ನು ಮಾತನಾಡಲಾಗದು, ಮಾತನಾಡಲೂಬಾರದು. ಮಂದಿಯಲ್ಲಿ ಒಬ್ಬನಾಗಬೇಕಾದರೆ ಮನೆಯ ಆ ಒಲುಮೆಯ ಒಂದು ಭಾಗವನ್ನು ಬೆಲೆಯಾಗಿ ತೆರಲೇಬೇಕು. ಐವತ್ತು ಇಂಗ್ಲಿಷ್ ಶಬ್ದಗಳನ್ನು ಹಿಡಿದುಕೊಂಡು ಶಾಲೆಗೆ ಹೋದ ತಾನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ವಾಚನಾಲಯದಲ್ಲಿ ಕುಳಿತು ಇಂಗ್ಲಿಷಿನ ಹಳೆಯ ಸಾಹಿತ್ಯವನ್ನು ವ್ಯಾಸಂಗ ಮಾಡುವವನಾದುದು ಆ ಬೆಲೆಯನ್ನು ತೆತ್ತುದರಿಂದ. ನಷ್ಟವಾಯಿತು, ನಿಜ, ಆದರೆ ಲಾಭವು ಹೆಚ್ಚು.

ಈ ವಾದವನ್ನು ಹಗುರವಾಗಿ ತಳ್ಳಿಹಾಕುವವರು ಗ್ರಂಥಕ್ಕೆ ಅನ್ಯಾಯ ಮಾಡುತ್ತಾರೆ. ತನ್ನವರನ್ನು ತೊರೆದವನು, ಒಡೆಯರಿಗೆ ತನ್ನನ್ನು ಮಾರಿಕೊಂಡವನು ಎಂದು ಅವನನ್ನು ನಿಂದಿಸಿದವರುಂಟು. ನಿಂದೆಯು ವಿಮರ್ಶೆಯಲ್ಲ. ಗ್ರಂಥಕರ್ತನ ಪ್ರಾಮಾಣಿಕತೆಯು ಪುಟಪುಟದಲ್ಲಿಯೂ ಕಾಣುತ್ತದೆ. ಅವನ ಗದ್ಯದ ಹದವು ಆ ಗುಂಪಿನ ಬರಹಗಾರರಲ್ಲಿ ಹಲವರಿಗೆ ಎಟಕದ್ದು. ನೋಡಬೇಕಾದುದು ಬೇರೆ: ಅವನ ವಾದಕ್ಕೂ ಅವನು ಕೊಡುವ ಸಾಕ್ಷ್ಯಕ್ಕೂ ಹೊಂದಿಕೆಯುಂಟೇ?

ಸಾಕ್ಷ್ಯವು ಹೀಗಿದೆ. ಇಂಗ್ಲಿಷ್ ಮನೆಯೊಳಕ್ಕೆ ಬಂದಮೇಲೆ ಮನೆಯು ನಿಶ್ಶಬ್ದವಾಯಿತು. ಮಕ್ಕಳಿಗೆ ಇಂಗ್ಲಿಷ್ ಹೆಚ್ಚುಹೆಚ್ಚಾಗಿ ಬಂದಂತೆಲ್ಲ ತಂದೆತಾಯಿಗಳೊಡನೆ ಆಡುವ ಮಾತು ಕಡಿಮೆ ಕಡಿಮೆಯಾಯಿತು. ತಂದೆತಾಯಿಗಳನ್ನು ಏನೆಂದು ಕರೆಯಬೇಕೆಂಬುದೇ ಹುಡುಗನಿಗೆ ತಿಳಿಯದೆ ಹೋಯಿತು. ಹಳೆಯ ಸ್ಪ್ಯಾನಿಷ್ ಸಂಬೋಧನೆಗಳು ಬಾಯಿಗೆ ಬಂದರೆ ಕಳೆದುಹೋದುದೆಲ್ಲ ನೆನಪಾಗುತ್ತಿದ್ದಿತು. ನೆರೆಮನೆಯ ಮಕ್ಕಳು ಕರೆಯುವ ಇಂಗ್ಲಿಷ್ ಹೆಸರುಗಳು ತನ್ನ ಅಪ್ಪ ಅಮ್ಮನಿಗೆ ಹೊಂದುತ್ತಿರಲಿಲ್ಲ. ಕೊನೆಗೆ ಅವನು ಯಾವ ಹೆಸರಿನಿಂದಲೂ ಕರೆಯದೆ, ಅವರು ತನ್ನ ಕಡೆಗೆ ತಿರುಗುವವರೆಗೆ ಕಾದಿದ್ದು ಮಾತು ತೆಗೆಯುವುದನ್ನು ರೂಢಿಸಿಕೊಂಡನು. ‘ಅಮ್ಮಾ’ ಎಂದು ಬಾಗಿಲಲ್ಲಿಯೇ ಕೂಗುತ್ತ ಶಾಲೆಯಿಂದ ಬರುವ ಮಕ್ಕಳಿರುವ ಮನೆಗಳಲ್ಲಿ ಈ ಪುಟವನ್ನು ಓದಿದವರಿಗೆ ಅದರ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ತಂದೆ. ತಾಯಿಯು ಹೇಗೋ ಇಂಗ್ಲಿಷಿಗೆ ಹೊಂದಿಕೊಂಡಳು, ತಂದೆಯು ಮೌನಿಯಾದನು. ಆತನದು ಸಂಕೋಚದ ಸ್ವಭಾವವೆಂದು ತಾಯಿಯು ಮಕ್ಕಳಿಗೆ ಸಮಾಧಾನ ಹೇಳುತ್ತಿದ್ದಳು. ಆದರೆ ಮಗನು ಬೇರೊಂದನ್ನು ಕಂಡಿದ್ದನು. ಬಂಧುಗಳು ಬಂದಾಗ, ಅದರಲ್ಲಿಯೂ ಗಂಡಸರೊಡನೆ ಸ್ಪ್ಯಾನಿಷ್ ಮಾತನಾಡುವಾಗ, ಅದೇ ತಂದೆಯ ದನಿಯು ಕಿಡಿ ತಾಗಿದಂತೆ ಹೊತ್ತಿಕೊಳ್ಳುತ್ತಿದ್ದಿತು. ಇಂಗ್ಲಿಷಿನಲ್ಲಿ ಎಂದೂ ಹೊರಬೀಳದ ವಿಚಾರಗಳೂ ಭಾವಗಳೂ ಅದರಲ್ಲಿ ಹೊರಬೀಳುತ್ತಿದ್ದವು. ಇದನ್ನು ಬರೆದವನು ರೊಡ್ರಿಗೆಸ್ಸನೇ. ಬರೆದು ಕೆಲವು ಪುಟಗಳು ಕಳೆಯುವುದರೊಳಗಾಗಿ ಅವನೇ ವಾದಿಸುತ್ತಾನೆ: ಒಲುಮೆಯನ್ನು ಉಂಟುಮಾಡುವುದು ಒಂದು ಗೊತ್ತಾದ ಭಾಷೆಯಲ್ಲ, ಒಲಿದ ಜನ, ಆದುದರಿಂದ ಭಾಷೆಯು ಬದಲಾದರೂ ಒಲುಮೆಯು ಉಳಿಯಬಲ್ಲದು. ಸೂತ್ರವಾಗಿ ಇದು ಕೇಳುವುದಕ್ಕೆ ಚೆನ್ನಾಗಿದೆ, ಸುಳ್ಳೆಂದೂ ಹೇಳಲಾಗದು. ಆದರೆ ಆ ತಂದೆಯ ವಿಷಯದಲ್ಲಿ ಅದು ನಿಜವಾಯಿತೆ? ಗ್ರಂಥದ ಕೊನೆಯ ಪುಟವನ್ನು ನೋಡಬೇಕು. ಕ್ರಿಸ್‌ಮಸ್ ಹಬ್ಬದ ರಾತ್ರಿ; ಮಕ್ಕಳೆಲ್ಲ ಬಂದು ಉಂಡು ಹೊರಡುತ್ತಿದ್ದಾರೆ. ಮಗನು ವೃದ್ಧ ತಂದೆಗೆ ಮೇಲಂಗಿಯನ್ನು ಹೊದಿಸುವಾಗ ಆತನ ತೋಳು ಎಷ್ಟು ಬಡಕಲಾಗಿದೆಯೆಂಬುದು ಕೈಗೆ ತಿಳಿಯುತ್ತದೆ. ನೀನೂ ಹೊರಟೆಯಾ ಎಂದು ತಂದೆಯು ಕೇಳುತ್ತಾನೆ. ಆ ಸಂಜೆಯೆಲ್ಲ ಆತನು ಮಗನೊಡನೆ ಆಡಿದ ಮಾತು ಅದೊಂದೇ ಎಂಬುದು ಮಗನಿಗೆ ಹೊಳೆಯುತ್ತದೆ. ಗ್ರಂಥವು ಅಲ್ಲಿಗೆ ಮುಗಿಯುತ್ತದೆ. ವಾದವು ಹೇಳಿದ ಲಾಭ ನಷ್ಟಗಳ ಲೆಕ್ಕವನ್ನು ಈ ಪುಟವು ಅಳಿಸಿಬಿಡುತ್ತದೆ. ಲೇಖಕನು ಅದನ್ನು ತಾನೇ ಕೊನೆಯಲ್ಲಿಟ್ಟನೆಂಬುದು ಅವನ ಕಲೆಯ ಸತ್ಯನಿಷ್ಠೆಗೆ ಗುರುತು. ಅವನೊಳಗಿನ ಕಥನಕಾರನು ಅವನೊಳಗಿನ ವಕೀಲನಿಗಿಂತ ದೊಡ್ಡವನು. ಅವನ ಮುಂದಿನ ಗ್ರಂಥವು 1992ರಲ್ಲಿ ಬಂದಾಗ ಅದರ ಉಪಶೀರ್ಷಿಕೆಯು ‘ನನ್ನ ಮೆಕ್ಸಿಕನ್ ತಂದೆಯೊಡನೆ ಒಂದು ವಾದ’ ಎಂಬ ಅರ್ಥವನ್ನು ಕೊಡುವಂಥದಾಗಿದ್ದುದು ಆಕಸ್ಮಿಕವಿರಲಾರದು.

ಮತ್ತೊಂದು ಪ್ರಸಂಗವನ್ನೂ ಇಲ್ಲಿಯೇ ಹೇಳಬೇಕು. ಹುಡುಗನು ಗೆಳೆಯನೊಡನೆ ಇದ್ದಾಗ ಅಜ್ಜಿಯು ಅವನನ್ನು ಕಂಡು ಸ್ಪ್ಯಾನಿಷಿನಲ್ಲಿ ಏನನ್ನೋ ಹೇಳಿದಳು. ಆ ಮುದುಕಿ ಏನೆಂದಳೆಂದು ಗೆಳೆಯನು ಕೇಳಿದನು. ಮಾತಿಗೆ ಮಾತು ಇಂಗ್ಲಿಷು ಮಾಡಿ ಹೇಳುವುದು ಹುಡುಗನಿಗೆ ಕಷ್ಟವಿರಲಿಲ್ಲ. ಆದರೆ ಹೇಳಿದ ಶಬ್ದಗಳಿಗಿಂತ ಆ ಶಬ್ದಗಳು ತನಗೊಬ್ಬನಿಗೇ ಬಂದುವೆಂಬುದೇ ಅದರ ಅರ್ಥವಾಗಿದ್ದಿತು. ಅದನ್ನು ಭಾಷಾಂತರಿಸುವುದು ಹೇಗೆ? ಏನೂ ದೊಡ್ಡ ವಿಷಯವಲ್ಲವೆಂದು ಹೇಳಿ ಸುಮ್ಮನಾದನು. ರೊಡ್ರಿಗೆಸ್ ಇದನ್ನು ತನ್ನ ವಾದಕ್ಕೆ ಆಧಾರವಾಗಿ ತರುತ್ತಾನೆ: ಒಲುಮೆಯಿರುವುದು ಅಜ್ಜಿಯಲ್ಲಿ, ಸ್ಪ್ಯಾನಿಷಿನಲ್ಲಲ್ಲ ಎಂದು. ಓದುಗನಿಗೆ ತೋರುವುದು ಇದಕ್ಕೆ ವಿರುದ್ಧವಾದುದು. ಅಜ್ಜಿಗೆ ಆ ಭಾಷೆಯ ಹೊರತು ಬೇರೆ ಬಾಗಿಲು ಇರಲಿಲ್ಲ. ಬಾಗಿಲನ್ನು ಮುಚ್ಚಿ, ಮನೆಯೊಳಗಿನವರು ಹಾಗೆಯೇ ಇದ್ದಾರೆಂದು ಹೇಳಿದರೆ ಹೊರಗಿನವನಿಗೆ ಏನು ಸಮಾಧಾನ?

ಹಾಗಾದರೆ ಇಷ್ಟು ಸೂಕ್ಷ್ಮವಾಗಿ ಕಾಣಬಲ್ಲ ಲೇಖಕನು ತಪ್ಪಿದುದು ಎಲ್ಲಿ? ತರ್ಕದಲ್ಲಲ್ಲ, ಭೂಗೋಳದಲ್ಲಿ. ಅವನ ತಂದೆತಾಯಿಗಳ ಮನೆಯಿದ್ದುದು ಬಿಳಿಯರ ಕೇರಿಯಲ್ಲಿ. ಬಾಗಿಲಿನಾಚೆ ಇಂಗ್ಲಿಷು, ಈಚೆ ಸ್ಪ್ಯಾನಿಷು. ಆ ಕೇರಿಯಲ್ಲಿ ಬೆಳೆದ ಮಗುವಿಗೆ ಸ್ಪ್ಯಾನಿಷ್ ಎಂದರೆ ಅಡಿಗೆಯ ಮನೆಯ ಪಿಸುಮಾತು ಎಂದು ತೋರಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಒಂದು ಮನೆಯ ಪರಿಸ್ಥಿತಿಯನ್ನು ಅವನು ಒಂದು ಭಾಷೆಯ ಸ್ವಭಾವವೆಂದು ತಿಳಿದನು. ಸ್ಯಾನ್ ಆಂಟೋನಿಯೊ ನಗರದಲ್ಲಿ 1913ರಿಂದಲೂ ಲಾಸ್ ಏಂಜಲಿಸ್ ನಗರದಲ್ಲಿ 1926ರಿಂದಲೂ ಸ್ಪ್ಯಾನಿಷ್ ವೃತ್ತಪತ್ರಿಕೆಗಳು ಹೊರಡುತ್ತಿದ್ದವು. ಟೆಕ್ಸಸ್ಸಿನ ದಕ್ಷಿಣದ ಗಡಿಯಲ್ಲಿ ಅದು ಸಂತೆಯ ಭಾಷೆ, ಚರ್ಚಿನ ಭಾಷೆ, ವೀರಗೀತೆಗಳ ಭಾಷೆ. ಗ್ರೆಗೋರಿಯೊ ಕೊರ್ತೆಸ್ ಎಂಬ ರೈತನನ್ನು 1901ರಲ್ಲಿ ಟೆಕ್ಸಸ್ಸಿನ ಸವಾರರು ಬೆನ್ನಟ್ಟಿದ ಪ್ರಸಂಗವನ್ನು ಜನರು ಲಾವಣಿ ಕಟ್ಟಿ ಹಾಡಿದರು. ಅಂಥ ಹಾಡುಗಳಿಗೆ ‘ಕೊರಿದೊ’ ಎಂದು ಹೆಸರು. ಬ್ರೌನ್ಸ್‌ವಿಲ್ ಊರಿನಲ್ಲಿ 1915ರಲ್ಲಿ ಹುಟ್ಟಿದ ಆಮೆರಿಕೊ ಪಾರೆದೆಸ್ ಆ ಲಾವಣಿಯನ್ನೂ ಅದರ ಹಿಂದಿನ ಚರಿತ್ರೆಯನ್ನೂ ಶೋಧಿಸಿ 1958ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಊರ ನಡುವೆ ನಿಂತು ಹಾಡುವ ಹಾಡು ಮನೆಯ ಪಿಸುಮಾತೆ?

ಈ ಪಾರೆದೆಸ್ಸನ ಕಾದಂಬರಿಯೊಂದರ ಕಥೆಯು ಕುತೂಹಲಕರವಾದುದು. ಅದನ್ನು ಅವನು 1936ರಿಂದ 1940ರವರೆಗೆ ಬರೆದು ಬದಿಗಿಟ್ಟನು, ಅಚ್ಚಾದುದು 1990ರಲ್ಲಿ. ನಾಯಕನ ಹೆಸರು ಜಾರ್ಜ್ ವಾಷಿಂಗ್ಟನ್ ಗೋಮೆಸ್. ದೊಡ್ಡವನೊಬ್ಬನ ಹೆಸರನ್ನಿಟ್ಟರೆ ಮಗನು ದೊಡ್ಡವನಾದಾನು, ತನ್ನ ಜನಕ್ಕೆ ನಾಯಕನಾದಾನು ಎಂದು ಮನೆಯವರ ಆಸೆ. ಅಜ್ಜಿಯ ನಾಲಗೆಗೆ ವಾಷಿಂಗ್ಟನ್ ಹೊರಳದು. ಅವಳ ಬಾಯಲ್ಲಿ ಅದು ‘ಗ್ವಾಲಿಂತೊ’ ಆಗುತ್ತದೆ. ಆ ಮುದ್ದಿನ ಹೆಸರೇ ನಿಲ್ಲುತ್ತದೆ. ಹುಡುಗನು ಓದುತ್ತಾನೆ, ಮೇಲಕ್ಕೆ ಹೋಗುತ್ತಾನೆ, ಗ್ವಾಲಿಂತೊ ಎಂಬ ಹೆಸರನ್ನು ಕಳಚಿಹಾಕುತ್ತಾನೆ. ಕೊನೆಗೆ ಹುಟ್ಟೂರಿಗೆ ಬರುವುದು ಸೈನ್ಯದ ಗೂಢಚಾರ ಇಲಾಖೆಯ ಅಧಿಕಾರಿಯಾಗಿ, ತನ್ನವರ ಮೇಲೆಯೇ ಕಣ್ಣಿಡುವುದಕ್ಕೆ. ಕಾದಂಬರಿಯ ಕಟ್ಟಿನಲ್ಲಿ ಸಡಿಲಗಳಿವೆ. ಕೊನೆಯ ಭಾಗವು ಅವಸರದಲ್ಲಿ ಬರೆದಂತೆ ಇದೆ. ಆದರೆ ಒಂದು ಸಂಗತಿಯನ್ನು ಮರೆಯಲಾಗದು: ರೊಡ್ರಿಗೆಸ್ ಹುಟ್ಟುವುದಕ್ಕೆ ನಾಲ್ಕು ವರ್ಷ ಮುಂಚೆಯೇ ಮುಗಿದಿದ್ದ ಈ ಕೃತಿಯು, ಮಂದಿಯ ಭಾಷೆಗೆ ಬೆಲೆ ತೆತ್ತವನಿಗೆ ಮಂದಿಯು ಯಾವ ಕೆಲಸವನ್ನು ಕೊಡಬಹುದೆಂಬುದನ್ನು ಕಂಡಿದ್ದಿತು.

ಅದೇ ಗಡಿನಾಡಿನಿಂದ ಬಂದವಳು ಗ್ಲೋರಿಯಾ ಆನ್ಸಾಲ್ದುವಾ. 1942ರಲ್ಲಿ ಹುಟ್ಟಿ 2004ರಲ್ಲಿ ತೀರಿಕೊಂಡ ಈಕೆಯ ಮುಖ್ಯ ಗ್ರಂಥವು 1987ರ ‘ಬಾರ್ಡರ್‌ಲ್ಯಾಂಡ್ಸ್: ಲಾ ಫ್ರೊಂತೆರಾ’. ಗಡಿನಾಡು ಎಂಬ ಒಂದೇ ಮಾತನ್ನು ಹೆಸರಿನಲ್ಲಿಯೇ ಎರಡು ಭಾಷೆಗಳಲ್ಲಿ ಹೇಳಿರುವುದು ಗ್ರಂಥದ ಸ್ವರೂಪಕ್ಕೆ ತಕ್ಕುದಾಗಿದೆ. ಒಂದು ವಾಕ್ಯವು ಇಂಗ್ಲಿಷಿನಲ್ಲಿ ಹೊರಟು ಸ್ಪ್ಯಾನಿಷಿನಲ್ಲಿ ನಿಲ್ಲುತ್ತದೆ. ಗದ್ಯದ ನಡುವೆ ಪದ್ಯವು ನುಗ್ಗುತ್ತದೆ. ಬಹಳ ಕಡೆ ಭಾಷಾಂತರವಿಲ್ಲ. ಶಾಲೆಯ ಬಿಡುವಿನ ವೇಳೆಯಲ್ಲಿ ಸ್ಪ್ಯಾನಿಷ್ ಮಾತನಾಡಿದಾಗ ಸಿಕ್ಕಿಬಿದ್ದು ಗೆಣ್ಣಿನ ಮೇಲೆ ಗೆರೆಕೋಲಿನಿಂದ ಮೂರು ಏಟು ತಿಂದುದು, ಕಾಲೇಜಿಗೆ ಹೋದಾಗ ಮೆಕ್ಸಿಕನ್ ಮನೆತನದ ವಿದ್ಯಾರ್ಥಿಗಳೆಲ್ಲರೂ ಉಚ್ಚಾರಣೆಯನ್ನು ತಿದ್ದಿಕೊಳ್ಳುವುದಕ್ಕಾಗಿ ಎರಡು ಪಾಠಕ್ರಮಗಳಿಗೆ ಕಡ್ಡಾಯವಾಗಿ ಕುಳಿತುದು, ಇಂಗ್ಲಿಷನ್ನು ಮೆಕ್ಸಿಕನ್ನರಂತೆ ಆಡುತ್ತೀಯೆಂದು ತಾಯಿಯೇ ನೊಂದುಕೊಂಡುದು, ಇವೆಲ್ಲ ಅದರಲ್ಲಿ ಬರುತ್ತವೆ. ಇಷ್ಟಾಗಿದ್ದರೆ ಅದೊಂದು ದೂರಿನ ಗ್ರಂಥವಾಗುತ್ತಿದ್ದಿತು. ಆಕೆಯ ಒಳನೋಟವು ಇನ್ನೂ ಮುಂದಕ್ಕೆ ಹೋಗುತ್ತದೆ. ಅವಮಾನವು ಇಂಗ್ಲಿಷಿನ ಕಡೆಯಿಂದ ಮಾತ್ರ ಬರುವುದಿಲ್ಲ. ಶುದ್ಧವಾದ ಸ್ಪ್ಯಾನಿಷ್ ಬಲ್ಲವರು ಗಡಿನಾಡಿನ ಮಾತನ್ನು ಕೇಳಿ ಮೂಗು ಮುರಿಯುತ್ತಾರೆ: ಇದು ಸ್ಪ್ಯಾನಿಷೇ ಅಲ್ಲ, ಕೆಡಿಸಿದ ಮಾತು ಎಂದು. ಆದುದರಿಂದ ಗಡಿನಾಡಿನ ಹೆಣ್ಣುಮಕ್ಕಳು ಬೇರೆ ಸ್ಪ್ಯಾನಿಷ್ ದೇಶಗಳಿಂದ ಬಂದ ಹೆಂಗಸರ ಎದುರಿಗೆ ಬಾಯಿ ತೆರೆಯಲು ಅಂಜಿ, ಯಾರಿಗೂ ಸೇರದ ಭಾಷೆಯೆಂದು ಇಂಗ್ಲಿಷನ್ನೇ ಆಡುತ್ತಾರಂತೆ. ತಾಯ್ನುಡಿಯಲ್ಲಿ ತಪ್ಪಾಡುವ ಭಯದಿಂದ ಪರನುಡಿಯನ್ನು ಹಿಡಿಯುವುದು! ಪರಂಪರೆಯ ಮೇಲೆ ಅಭಿಮಾನವಿರುವ ಪಂಡಿತರೇ ಪರಂಪರೆಗೆ ಎಷ್ಟು ಹಾನಿ ಮಾಡಬಲ್ಲರೆಂಬುದಕ್ಕೆ ಇದಕ್ಕಿಂತ ತೀಕ್ಷ್ಣವಾದ ಉದಾಹರಣೆ ದೊರೆಯುವುದು ಕಷ್ಟ.

ಆಕೆಯು ಉಪಾಧ್ಯಾಯಿನಿಯಾಗಿದ್ದಾಗ ತನ್ನವರ ಕಥೆ ಕವಿತೆಗಳನ್ನು ಪಾಠಕ್ಕೆ ಸೇರಿಸಲು ಹೋಗಿ ಮುಖ್ಯೋಪಾಧ್ಯಾಯರಿಂದ ನಿಷೇಧಕ್ಕೆ ಗುರಿಯಾದಳು. ಅನಂತರ ಹುಡುಗರಿಂದ ಗುಟ್ಟು ಕಾಪಾಡುವ ಮಾತು ತೆಗೆದುಕೊಂಡು ಒಂದು ಕಥೆಯನ್ನೋ ಪದ್ಯವನ್ನೋ ಒಂದು ನಾಟಕವನ್ನೋ ನಡುನಡುವೆ ತುರುಕುತ್ತಿದ್ದಳು. ಗಡಿನಾಡಿನ ಆಡುಮಾತು ಅಚ್ಚಿನಲ್ಲಿ ಬಂದುದನ್ನು ಮೊದಲ ಬಾರಿ ಕಂಡಾಗ, ತನ್ನವರೂ ಒಂದು ಜನಾಂಗವಾಗಿ ನಿಜವಾಗಿಯೂ ಇದ್ದಾರೆಂಬ ಹರ್ಷವು ಆಕೆಗೆ ಉಕ್ಕಿತು. ಗ್ರಂಥದ ಸತ್ವವಿರುವುದು ಇಂಥ ಪುಟಗಳಲ್ಲಿ. ಪ್ರಾಚೀನ ಮೆಕ್ಸಿಕೋದ ದೇವತೆಗಳನ್ನು ಆಹ್ವಾನಿಸಿ ಹೊಸ ಪ್ರಜ್ಞೆಯೊಂದನ್ನು ಘೋಷಿಸುವ ಕಡೆಗಳಲ್ಲಿ ಬರವಣಿಗೆಯು ಉಬ್ಬುತ್ತದೆ. ಘೋಷಣೆಯು ಎಷ್ಟೇ ಉದಾತ್ತವಾಗಿರಲಿ, ಗೆರೆಕೋಲಿನ ಮೂರು ಏಟುಗಳ ತೂಕ ಅದಕ್ಕೆ ಬರುವುದಿಲ್ಲ. ಗದ್ಯಶಿಲ್ಪದಲ್ಲಿ ರೊಡ್ರಿಗೆಸ್ ಮೇಲು. ಭಾಷೆಯ ವಿಷಯದ ತಿಳಿವಿನಲ್ಲಿ ಆನ್ಸಾಲ್ದುವಾ ಮೇಲು. ಅವನು ತನ್ನ ಭಾಷೆಯನ್ನು ಕುರಿತು ಅಳುತ್ತಾನೆ, ಆಕೆಯು ತನ್ನ ಭಾಷೆಗೆ ಕೆಲಸ ಕೊಡುತ್ತಾಳೆ. ಬೆಳೆಯುವ ಮಗುವಿಗೆ ಇವೆರಡರಲ್ಲಿ ಯಾವುದು ಉಪಯೋಗವೆಂಬುದರಲ್ಲಿ ಸಂದೇಹವಿರಲಾರದು.

ಮನೆಯ ಭಾಷೆಯನ್ನು ಹಿಡಿದುಕೊಂಡವರೆಲ್ಲ ಧನ್ಯರೆಂದೂ ಇದರಿಂದ ತಿಳಿಯಬಾರದು. ಸಾಂಡ್ರಾ ಸಿಸ್ನೆರೊಸ್ಸಳ ‘ದಿ ಹೌಸ್ ಆನ್ ಮ್ಯಾಂಗೋ ಸ್ಟ್ರೀಟ್’ 1984ರಲ್ಲಿ ಬಂದಿತು. ಪುಟ್ಟ ಪುಟ್ಟ ಚಿತ್ರಗಳ ಪುಟ್ಟ ಪುಸ್ತಕ. ಅದರಲ್ಲಿ ಗಂಡನು ಹಣ ಕೂಡಿಸಿ ಕರೆತಂದ ಒಬ್ಬ ಸ್ಥೂಲಕಾಯದ ಹೆಂಗಸು ಬರುತ್ತಾಳೆ. ಮಹಡಿಯಿಂದ ಇಳಿಯುವುದಿಲ್ಲ, ಇಂಗ್ಲಿಷು ಕಲಿಯುವುದಿಲ್ಲ. ಕಿಟಕಿಯ ಬಳಿ ಕುಳಿತು ತನ್ನ ದೇಶದ ಹಾಡು ಹಾಡಿಕೊಳ್ಳುತ್ತಾಳೆ. ಒಂದು ದಿನ ಅವಳ ಕೂಸು ಮಾತು ಕಲಿಯುತ್ತದೆ. ಕಲಿತು ಹಾಡುವುದು ಟೆಲಿವಿಷನ್ನಿನಲ್ಲಿ ಕೇಳಿದ ಪೆಪ್ಸಿ ಪಾನೀಯದ ಜಾಹೀರಾತನ್ನು, ಇಂಗ್ಲಿಷಿನಲ್ಲಿ. ತಾಯಿಯು ಬೇಡ ಬೇಡವೆಂದು ಅಳುತ್ತಾಳೆ. ಎರಡೇ ಪುಟಗಳಲ್ಲಿ ಲೇಖಕಿಯು ಎರಡು ಕಡೆಯನ್ನೂ ತೋರಿಸಿದ್ದಾಳೆ. ಬೀದಿಗಿಳಿಯದ ಭಾಷೆಯನ್ನು ಮಗುವಿನ ಬಾಯಲ್ಲಿ ಉಳಿಸಿಕೊಳ್ಳುವ ಶಕ್ತಿ ಆ ಕಿಟಕಿಗೆ ಇಲ್ಲ.

ಮನೆಯ ಭಾಷೆಯೊಂದು ಬರಹದ ಭಾಷೆಯೊಂದು ಆಗಿರುವುದು ಕನ್ನಡ ವಾಚಕರಿಗೆ ಅಪರಿಚಿತವಾದ ಸಂಗತಿಯಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು, ದ. ರಾ. ಬೇಂದ್ರೆಯವರದು ಮರಾಠಿ. ಕನ್ನಡದಲ್ಲಿ ಅಷ್ಟು ಎತ್ತರಕ್ಕೇರುವುದಕ್ಕೆ ಮೊದಲು ಮನೆಮಾತನ್ನು ಮರೆತು ಬರಬೇಕೆಂದು ಅವರಿಗೆ ಯಾರೂ ಹೇಳಲಿಲ್ಲ. ಬೇಂದ್ರೆಯವರು ಮರಾಠಿಯಲ್ಲಿಯೂ ಗ್ರಂಥರಚನೆ ಮಾಡಿದರು. ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಧಾರವಾಡದಲ್ಲಿ ಮರಾಠಿಗೂ ಕನ್ನಡಕ್ಕೂ ಇದ್ದ ಸಂಬಂಧ ಬೇರೆ, ಟೆಕ್ಸಸ್ಸಿನಲ್ಲಿ ಸ್ಪ್ಯಾನಿಷಿಗೂ ಇಂಗ್ಲಿಷಿಗೂ ಇದ್ದ ಸಂಬಂಧ ಬೇರೆ. ಅಲ್ಲಿ ಒಂದು ಭಾಷೆಯ ಹಿಂದೆ ಜಮೀನು ಗೆದ್ದವರು ನಿಂತಿದ್ದರು, ಇನ್ನೊಂದರ ಹಿಂದೆ ಜಮೀನು ಕಳೆದುಕೊಂಡವರು. ಆದರೂ ಒಂದು ಭಾಷೆಯೊಳಗೆ ಹೋಗಬೇಕಾದರೆ ಮತ್ತೊಂದನ್ನು ಹೊಸ್ತಿಲಾಚೆ ಬಿಡಬೇಕೆಂಬುದು ಪ್ರಕೃತಿನಿಯಮವಲ್ಲವೆಂದು ಹೇಳುವುದಕ್ಕೆ ಇಷ್ಟು ಸಾಕು.

ರೊಡ್ರಿಗೆಸ್ಸನಿಗೆ ಬಂದ ಉತ್ತರಗಳಲ್ಲಿ ಗಂಭೀರವಾದುದು ತೊಮಾಸ್ ರಿವೆರಾನದು. ಟೆಕ್ಸಸ್ಸಿನ ಕ್ರಿಸ್ಟಲ್ ಸಿಟಿಯಲ್ಲಿ 1935ರಲ್ಲಿ ಹುಟ್ಟಿದ ಇವನು, ಬೆಳೆ ಕೊಯ್ಲಿಗಾಗಿ ಊರೂರು ಅಲೆಯುವ ಕೂಲಿಗಾರರ ಮಗ. ತಾನೂ ಹೊಲದಲ್ಲಿ ದುಡಿದವನು. ಮುಂದೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ರಿವರ್‌ಸೈಡ್ ಶಾಖೆಗೆ 1979ರಲ್ಲಿ ಮುಖ್ಯಾಧಿಕಾರಿಯಾದನು. ಮಂದಿಯಲ್ಲಿ ಮೇಲಕ್ಕೇರಲು ಮನೆಯ ಭಾಷೆಯನ್ನು ಬಿಡಬೇಕೆಂಬ ವಾದಕ್ಕೆ ಅವನ ಬಾಳೇ ಒಂದು ಉತ್ತರ. 1984ರಲ್ಲಿ ಬಂದ ಲೇಖನದಲ್ಲಿ ಅವನು ಸ್ಪ್ಯಾನಿಷ್ ಭಾಷೆಯ ಒಂದು ವೈಶಿಷ್ಟ್ಯವನ್ನು ಹಿಡಿದುಕೊಂಡು ಮಾತು ಬೆಳೆಸುತ್ತಾನೆ. ‘ಇರು’ ಎಂಬ ಅರ್ಥಕ್ಕೆ ಆ ಭಾಷೆಯಲ್ಲಿ ಎರಡು ಧಾತುಗಳುಂಟು: ಮನುಷ್ಯನು ಸ್ವಭಾವತಃ ಏನಾಗಿದ್ದಾನೆಂಬುದಕ್ಕೆ ‘ಸೇರ್’, ಎಲ್ಲಿ ಯಾವ ಸ್ಥಿತಿಯಲ್ಲಿ ಇದ್ದಾನೆಂಬುದಕ್ಕೆ ‘ಎಸ್ತಾರ್’. ಹೊರಗಿನ ಇರವಿಗಿಂತ ಒಳಗಿನ ಇರವೇ ಸ್ಪ್ಯಾನಿಷ್ ಜಗತ್ತಿಗೆ ಮುಖ್ಯ. ರೊಡ್ರಿಗೆಸ್ಸನು ಹೊರಗಿನದನ್ನು ಪಡೆದು ಒಳಗಿನದನ್ನು ಕಡೆಗಣಿಸಿದನು ಎಂಬುದು ರಿವೆರಾನ ಆಕ್ಷೇಪ. ಆಕ್ಷೇಪವು ಹರಿತವಾಗಿದೆ. ಆದರೆ ವ್ಯಾಕರಣದಿಂದ ಜನಾಂಗದ ಆತ್ಮವನ್ನು ತೆಗೆಯುವ ಈ ಬಗೆಯ ತರ್ಕವು ಎಲ್ಲ ದೇಶಗಳ ಪಂಡಿತರಿಗೂ ಪ್ರಿಯವಾದುದು, ಎಲ್ಲ ದೇಶಗಳಲ್ಲಿಯೂ ದುರ್ಬಲವಾದುದು. ಆ ಲೇಖನ ಬಂದ ವರ್ಷವೇ ರಿವೆರಾ ತೀರಿಕೊಂಡನು.

ಅವನ ಬಲವಾದ ಉತ್ತರವು ಆ ಲೇಖನಕ್ಕಿಂತ ಎಷ್ಟೋ ಮುಂಚೆ ಬಂದಿದ್ದಿತು. ಅದು 1971ರಲ್ಲಿ, ‘ಮತ್ತು ಭೂಮಿಯು ಅವನನ್ನು ನುಂಗಲಿಲ್ಲ’ ಎಂಬ ಅರ್ಥದ ಸ್ಪ್ಯಾನಿಷ್ ಹೆಸರಿನಿಂದ ಅಚ್ಚಾದ ಸಣ್ಣ ಕಾದಂಬರಿ. ಕೂಲಿಗಾರರ ಹುಡುಗನೊಬ್ಬನ ಒಂದು ವರ್ಷದ ನೆನಪುಗಳು ಅದರಲ್ಲಿ ತುಂಡುತುಂಡಾಗಿ ಬರುತ್ತವೆ. ಒಂದು ಭಾಗದಲ್ಲಿ ಶಾಲೆಯಿಂದ ಹೊರದೂಡಲ್ಪಟ್ಟ ಹುಡುಗನು ಮನೆಗೆ ನಡೆಯುತ್ತ, ಟೆಲಿಫೋನ್ ಆಪರೇಟರ್ ಆಗುವನೆಂದು ಆಸೆಯಿಟ್ಟುಕೊಂಡಿರುವ ತಂದೆತಾಯಿಗಳಿಗೆ ಇದನ್ನು ಹೇಗೆ ಹೇಳಲೆಂದು ತೊಳಲುತ್ತಾನೆ. ರಿವೆರಾ ಶಾಲೆಯನ್ನು ಬೈಯುವುದಕ್ಕೆ ನಿಲ್ಲುವುದಿಲ್ಲ, ಸ್ಪ್ಯಾನಿಷನ್ನು ಹೊಗಳುವುದಕ್ಕೂ ನಿಲ್ಲುವುದಿಲ್ಲ. ಹೊಲದಲ್ಲಿ, ಲಾರಿಯಲ್ಲಿ, ಚರ್ಚಿನಲ್ಲಿ ಜನರು ಆಡುವ ಮಾತು ಇದ್ದಂತೆಯೇ ಇಳಿದು ಬರುತ್ತದೆ. ಮೊದಲ ಮುದ್ರಣದಲ್ಲಿಯೇ ಜೊತೆಗೆ ಇಂಗ್ಲಿಷ್ ಭಾಷಾಂತರವೂ ಇದ್ದಿತು. ಒಂದರ ಬಾಯಿ ಮುಚ್ಚಿಸಿ ಇನ್ನೊಂದು ಮಾತನಾಡಬೇಕಾಗಿ ಬರಲಿಲ್ಲ.

ಆ ಕಾದಂಬರಿಯ ಕೊನೆಯ ಕಡೆಯಲ್ಲಿ ಬಾರ್ತೊಲೊ ಎಂಬ ಒಬ್ಬ ಅಲೆಮಾರಿ ಕವಿಯು ಕ್ಷಣಕಾಲ ಕಾಣಿಸಿಕೊಳ್ಳುತ್ತಾನೆ. ಕೊಯ್ಲಿಗೆ ಹೋದವರು ಬಹುಮಂದಿ ಹಿಂದಿರುಗಿರುವ ಡಿಸೆಂಬರ್ ತಿಂಗಳಲ್ಲಿ ಅವನು ಊರಿಗೆ ಬರುತ್ತಾನೆ, ತನ್ನ ಪದ್ಯಗಳನ್ನು ಮಾರುತ್ತ. ಬಂದ ಮೊದಲ ದಿನವೇ ಹೆಚ್ಚುಕಡಿಮೆ ಎಲ್ಲವೂ ಮಾರಾಟವಾಗಿಹೋಗುತ್ತವೆ, 왜ೆಂದರೆ ಪದ್ಯಗಳಲ್ಲಿ ಆ ಊರಿನವರ ಹೆಸರುಗಳೇ ಇರುತ್ತವೆ. ಕೊಂಡವರು ಅವನ್ನು ಗಟ್ಟಿಯಾಗಿ ಓದಬೇಕೆಂದು ಅವನು ಹೇಳುತ್ತಾನೆ. ರೊಡ್ರಿಗೆಸ್ಸನ ಗ್ರಂಥದಲ್ಲಿ, ಅದರ ಸೊಗಸಾದ ಪುಟಗಳಲ್ಲಿ ಎಲ್ಲಿಯೂ, ಅಂಥ ಒಬ್ಬನು ಬಾಗಿಲು ತಟ್ಟುವುದಿಲ್ಲ.